ಮಾರುವ ಮನೆಗೆ ಮಾತ್ರ ಸುಣ್ಣ

ಉಡುಪಿ ಕಡೆಯಲ್ಲಿ ಮನೆ ರಿಪೇರಿಗೆ ಎರಡೇ ಮುಹೂರ್ತ. ಒಂದು ಮನೆಯಲ್ಲಿ ನಡೆಯುವ ಮದುವೆ, ಇನ್ನೊಂದು ಮನೆಯ ಮಾರಾಟ. ಮದುವೆಯದ್ದು ಸುಲಭ. ಬಿರುಕು ಬಿಟ್ಟ ಗೋಡೆಯ ಮುಂದೆ ಶಾಮಿಯಾನದ ಪರದೆ ಇಳಿಬಿಟ್ಟರೆ ಮುಗಿಯಿತು, ಬಂದವರ ಕಣ್ಣು ಹೇಗೂ ಊಟದ ಪಂಕ್ತಿಯ ಕಡೆಗೇ ಇರುತ್ತದೆ. ಮಾರಾಟಕ್ಕೆ ಪರದೆ ನಡೆಯುವುದಿಲ್ಲ. ಮನೆ ಕೊಳ್ಳುವವನ ಬೆನ್ನಿಗೆ ಅವನ ಬ್ಯಾಂಕು ಬರುತ್ತದೆ, ಬ್ಯಾಂಕಿನ ಬೆನ್ನಿಗೆ ವ್ಯಾಲ್ಯುವರ್ ಬರುತ್ತಾರೆ, ವ್ಯಾಲ್ಯುವರ್ ಬೆನ್ನಿಗೆ ಪ್ಯಾನೆಲ್ ವಕೀಲರು ಬರುತ್ತಾರೆ. ಕೊಳ್ಳುವವನಿಗೆ ಮನೆ ಮೆಚ್ಚುಗೆಯಾದರೆ ಸಾಲದು, ಇವರೆಲ್ಲರಿಗೂ ಆಗಬೇಕು.

ಆಗಲೇಬೇಕು, ಯಾಕೆಂದರೆ ಹಣ ಅವರದು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 30 ಲಕ್ಷದವರೆಗಿನ ಗೃಹಸಾಲಕ್ಕೆ ಮನೆಯ ಬೆಲೆಯ ಶೇ. 90ರ ತನಕ, 30ರಿಂದ 75 ಲಕ್ಷದವರೆಗೆ ಶೇ. 80ರ ತನಕ, ಅದಕ್ಕೂ ಮೇಲಾದರೆ ಶೇ. 75ರ ತನಕ ಕೊಡಬಹುದು. ಗೃಹಪ್ರವೇಶದ ದಿನ ಹೋಮಕ್ಕೆ ಕೂರುವವನದು ಆ ಮನೆಯಲ್ಲಿ ಹೆಚ್ಚೆಂದರೆ ಜಗಲಿ ಮತ್ತು ಬಚ್ಚಲು, ನಡುವಿನದ್ದೆಲ್ಲ ಬ್ಯಾಂಕಿನದು. ಹಾಗಾಗಿ ಮಾರುವವರು ಕೊಳ್ಳುವವನ ಕಣ್ಣಿಗಿಂತ ಬ್ಯಾಂಕಿನ ಕಣ್ಣಿಗೆ ಮನೆಯನ್ನು ಅಲಂಕರಿಸುತ್ತಾರೆ.

ಕಾರ್ಕಳದ ಕಡೆಯ ಒಂದು ಮನೆ ಅಂತಿಟ್ಟುಕೊಳ್ಳಿ. ನಿಮ್ಮದೇ ಇರಬಹುದು. ಮಾರಾಟ ನಿಶ್ಚಯವಾದ ಮರುದಿನವೇ ಗೋಡೆಯ ಉಪಚಾರ ಶುರು. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆಯಲ್ಲಿ ಗೋಡೆ ಒದ್ದೆಯಾಗದಿದ್ದರೆ ಅದೇ ಪೇಪರಿಗೆ ಸುದ್ದಿ. ಆದರೂ ವ್ಯಾಲ್ಯುವರ್ ಬರುವ ವಾರ ಮಾತ್ರ ಒದ್ದೆ ಗೋಡೆ ಎಂಬುದು ಮನೆತನದ ಮರ್ಯಾದೆಯ ಪ್ರಶ್ನೆಯಾಗುತ್ತದೆ. ಪಾಚಿ ಕೆರೆಸಿ, ಪುಟ್ಟಿ ಮೆತ್ತಿಸಿ, ಎರಡು ಕೋಟ್ ಪೇಂಟು. ಒಣಗಲು ಪುರುಸೊತ್ತಿಲ್ಲ. ಪೆಡೆಸ್ಟಲ್ ಫ್ಯಾನು ತರಿಸಿ ಇಡೀ ರಾತ್ರಿ ಗೋಡೆಗೆ ಗಾಳಿ ಹಾಕುತ್ತಾರೆ. ಸೆಕೆಗೆ ನಿದ್ದೆ ಬರುವುದಿಲ್ಲ, ನನ್ನ ಕೋಣೆಗೊಂದು ಫ್ಯಾನು ಹಾಕಿಸಿ ಎಂದು ಅಜ್ಜಿ ಹೇಳಿ ಎಷ್ಟೋ ಬೇಸಿಗೆ ಕಳೆದಿವೆ. ಗೋಡೆಗೆ ಬಾಯಿಲ್ಲ, ಆದರೂ ಕೇಳುವ ಮೊದಲೇ ಸಿಕ್ಕಿತು.

ಬಚ್ಚಲಿನದ್ದೂ ಅದೇ ಕಥೆ. ನೆಲ ಜಾರುತ್ತದೆ, ಹಿಡಿದುಕೊಳ್ಳಲು ಗೋಡೆಗೆ ಒಂದು ಸ್ಟೀಲಿನ ಹಿಡಿಕೆ ಬೇಕು ಎಂಬುದು ಅಜ್ಜಿಯ ಹಳೆಯ ಅರ್ಜಿ. "ಟೈಲ್ಸ್ ಒಡೆದು ಹೋಗ್ತದೆ ಅಜ್ಜಿ" ಎಂದು ಮೊಮ್ಮಗ ಪ್ರತಿ ಸಲ ವಿಲೇವಾರಿ ಮಾಡುತ್ತಿದ್ದ. ಈಗ ಟೈಲ್ಸ್ ಒಡೆಯಲಿಲ್ಲ. ಎರಡು ಹಿಡಿಕೆ ಬಂದವು, ಒಂದು ಕಮೋಡಿನ ಬದಿಗೆ, ಒಂದು ಬಾಗಿಲ ಬದಿಗೆ. ಜಾಹೀರಾತಿನಲ್ಲಿ 'ಹಿರಿಯ ನಾಗರಿಕರಿಗೆ ಅನುಕೂಲಕರ' ಎಂದು ಹಾಕಬಹುದಂತೆ. ಇದ್ದ ಒಬ್ಬ ಹಿರಿಯ ನಾಗರಿಕರನ್ನು ಪೇಂಟಿನ ವಾಸನೆ ಆಗುವುದಿಲ್ಲವೆಂದು ಅಷ್ಟರಲ್ಲಿ ಮಗಳ ಮನೆಗೆ ಕಳಿಸಿ ಆಗಿತ್ತು.

ಇನ್ನು ಮಾಡು. ಹಳೆ ಮನೆಗೆ ತಾಗಿಸಿ ಕಟ್ಟಿದ ಹೊಸ ಭಾಗಕ್ಕೆ ಸ್ಲ್ಯಾಬ್ ಉಂಟು, ಸ್ಲ್ಯಾಬಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಹೊದೆಸಿದ ಶೀಟು ಉಂಟು. ಲಕ್ಷಗಟ್ಟಲೆ ಸುರಿದು ಟೆರೇಸು ಮಾಡಿಸುವುದು, ಟೆರೇಸಿಗೆ ಮಳೆ ತಾಗದಂತೆ ಇನ್ನಷ್ಟು ಲಕ್ಷ ಸುರಿದು ಮೇಲೊಂದು ಮಾಡು ಮಾಡಿಸುವುದು, ಇದು ನಮ್ಮ ಕರಾವಳಿ ಲೋಕಕ್ಕೆ ಕೊಟ್ಟ ವಾಸ್ತುಶಿಲ್ಪ. ಬ್ರೋಕರಣ್ಣ ಮೇಲೆ ನೋಡಿ ತಲೆ ಕೆರೆದುಕೊಂಡರು.

"ಶೀಟು ಪ್ಲಾನಿನಲ್ಲಿ ಇಲ್ಲ ಮಾರಾಯ್ರೆ. ಬ್ಯಾಂಕಿನವರು ಬರುವಾಗ ಬಿಚ್ಚಿಡಿ."

"ಬಿಚ್ಚಿದರೆ ಸೋರ್ತದಲ್ಲ?"

"ಸೋರಲಿ. ಸೋರುವುದು ಪ್ಲಾನಿಗೆ ವಿರುದ್ಧ ಅಲ್ಲ."

ವ್ಯಾಲ್ಯುವರ್ ಬಂದರು. ವಯಸ್ಸು ಮೂವತ್ತರ ಒಳಗೆ, ಕೈಯಲ್ಲಿ ಲೇಸರ್ ಟೇಪು, ಕೊರಳಲ್ಲಿ ಐಡಿ ಕಾರ್ಡು. ಅವರಿಗಾಗಿ ಗೋಳಿಬಜೆ, ಕಾಯಿಚಟ್ನಿ, ಚಾ ತಯಾರಾಗಿತ್ತು. ಅವರು ಮುಟ್ಟಲಿಲ್ಲ, ಸಂಜೆಯೊಳಗೆ ಇನ್ನೂ ನಾಲ್ಕು ಮನೆ ನೋಡಲಿಕ್ಕುಂಟಂತೆ. ಗೇಟಿನ ಬಳಿ ನಿಂತು ಫೋಟೊ ತೆಗೆದರು. ಫೋಟೊದ ಕೆಳಗೆ ಅಕ್ಷಾಂಶ ರೇಖಾಂಶ ತಾನಾಗಿಯೇ ಮೂಡಿತು. ಮೂರು ತಲೆಮಾರು ಇದೇ ಮನೆಯಲ್ಲಿ ಇದ್ದೇವೆಂಬುದಕ್ಕಿಂತ ಆ ಎರಡು ಅಂಕಿಗೆ ಬ್ಯಾಂಕಿನಲ್ಲಿ ಹೆಚ್ಚು ಬೆಲೆ.

"ಮನೆಗೆ ಎಷ್ಟು ವರ್ಷ ಆಯ್ತು?"

"ಅಜ್ಜ ಕಟ್ಟಿಸಿದ್ದು ಸರ್."

"ಇಸವಿ?"

"ದೊಡ್ಡಪ್ಪ ಹೋಟೆಲಿಗೆಂದು ಬೊಂಬಾಯಿಗೆ ಓಡಿದ ವರ್ಷ."

ಮೊಬೈಲಿನ ಫಾರ್ಮಿನಲ್ಲಿ ಆ ಉತ್ತರಕ್ಕೆ ಜಾಗವಿರಲಿಲ್ಲ. ಅವರು ಗೋಡೆಗೆ ಗೆಣ್ಣಿನಿಂದ ಎರಡು ಸಲ ಬಡಿದು ನೋಡಿದರು. ಒಂದೂವರೆ ಅಡಿ ದಪ್ಪದ ಮುರಕಲ್ಲಿನ ಗೋಡೆ, ಹಲಸು ಮತ್ತು ಬೋಗಿ ಮರದ ಕೆಲಸ, ಮೇಲೆ ಮಂಗಳೂರು ಹಂಚು. ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ 1865ರಲ್ಲಿ ಕಾರ್ಖಾನೆ ತೆರೆದ ಮೇಲೆ ಈ ಸೀಮೆಯ ಮುಳಿಹುಲ್ಲಿನ ಮಾಡುಗಳನ್ನು ಕೆಳಗಿಳಿಸಿದ ಹಂಚು ಅದು. ಅಷ್ಟು ಮಳೆಗಾಲ ಕಂಡ ಗೋಡೆಗೆ ವರದಿಯಲ್ಲಿ ಸಿಕ್ಕಿದ ಸಾಲು ಇಷ್ಟೇ: ಕಟ್ಟಡದ ಉಳಿದ ಆಯುಷ್ಯ ಇಲ್ಲ, ಜಾಗದ ಬೆಲೆ ಮಾತ್ರ ಪರಿಗಣಿಸಬಹುದು. ಪಕ್ಕದ ಸೋರುವ ಸ್ಲ್ಯಾಬಿಗೆ ಮಾತ್ರ ಇನ್ನೂ ದಶಕಗಟ್ಟಲೆ ಆಯುಷ್ಯ. ಸಾಲದ ಅವಧಿ ಕಟ್ಟಡದ ಆಯುಷ್ಯದೊಳಗೇ ಮುಗಿಯಬೇಕು ಎಂಬುದು ಅವರ ಲೆಕ್ಕ. ಕಾಂಕ್ರೀಟಿಗೆ ಜಾತಕದಲ್ಲಿ ಅರುವತ್ತು ವರ್ಷ ಬರೆದುಕೊಡುವುದು ರೂಢಿ, ಅದು ಆರನೆಯ ವರ್ಷಕ್ಕೇ ಕೆಮ್ಮತೊಡಗಿದರೂ ಸರಿ.

ಇದೇ ಮೊಬೈಲು ಹಿಡಿದು ಅವರು ಕಾರ್ಕಳ ಪೇಟೆಯೊಳಗೆ ಹೋಗಲಿಲ್ಲವಲ್ಲ ಎಂಬುದೊಂದು ಸಮಾಧಾನ. 1586ರ ಚತುರ್ಮುಖ ಬಸದಿಯ ಮುಂದೆ ನಿಂತಿದ್ದರೆ 'ಆಯುಷ್ಯ ಮೀರಿದೆ, ನಾಲ್ಕೂ ಕಡೆ ಬಾಗಿಲು ಇರುವುದರಿಂದ ಭದ್ರತೆ ಸಾಲದು' ಎಂದು ಬರೆಯುತ್ತಿದ್ದರು. 1432ರಲ್ಲಿ ನಿಂತ 42 ಅಡಿಯ ಗೊಮ್ಮಟನಿಗೆ ಎತ್ತರದ ಪರವಾನಗಿ ಕೇಳುತ್ತಿದ್ದರು. ಅವನ ಬಳಿ ಕಾಗದವಿರಲಿ, ಕಾಗದ ಇಟ್ಟುಕೊಳ್ಳಲು ಕಿಸೆಯೂ ಇಲ್ಲ.

ವರದಿ ಬಂದ ಮೇಲೆ ಬ್ರೋಕರಣ್ಣನ ಸಲಹೆ ಸರಳ: ಹಳೆ ಭಾಗ ಕೆಡವಿಬಿಡಿ, ಖಾಲಿ ಜಾಗಕ್ಕೆ ಸಾಲ ಸಲೀಸು. ಹೀಗೆ ಜೆಸಿಬಿಗೆ ಒಪ್ಪಿಸಿದ ಮನೆಗಳ ಕಂಬ, ಬಾಗಿಲು, ಮುಚ್ಚಿಗೆಗಳು ನಮ್ಮೂರಿಂದ ಎಲ್ಲೆಲ್ಲಿಯ ರೆಸಾರ್ಟುಗಳಿಗೋ ಹೋಗಿ ಸೇರಿವೆ. ಕೆಲವು ಮನೆಗಳು ಮಾತ್ರ ಅದೃಷ್ಟವಂತವು. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಅಂಥ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದ್ದಾರೆ. ಟಿಕೆಟು ಕೊಂಡು ಒಳಗೆ ಹೋದವರು ಕುಂಜೂರು ಚೌಕಿಮನೆಯ ಕಂಬ ಸವರಿ "ಆಹಾ, ಹಿಂದಿನವರ ಕೆಲಸ" ಎನ್ನುತ್ತಾರೆ, ಹೊರಗೆ ಬಂದು ಊರಿನ ಮನೆ ಕೆಡವುವ ರೇಟು ವಿಚಾರಿಸುತ್ತಾರೆ. ಆ ವಿಲೇಜನ್ನು ಕಟ್ಟಿದ ವಿಜಯನಾಥ ಶೆಣೈಯವರು ಸಿಂಡಿಕೇಟ್ ಬ್ಯಾಂಕಿನಲ್ಲಿ ದುಡಿದವರು. ಬ್ಯಾಂಕಿನ ಲೆಕ್ಕದಲ್ಲಿ ಸೊನ್ನೆಯಾಗುವ ಮನೆಗಳ ಬೆಲೆ ಗೊತ್ತಾದದ್ದು ಬ್ಯಾಂಕಿನವರೊಬ್ಬರಿಗೇ. ಆದರೆ ಅವರು ಅದಕ್ಕೆ ವ್ಯಾಲ್ಯುವೇಶನ್ ವರದಿ ಬರೆಯಲಿಲ್ಲ, ಜೀವಮಾನ ಕೊಟ್ಟರು.

ಗೋಡೆಯ ಪರೀಕ್ಷೆ ಏನೇನೂ ಅಲ್ಲ. ಕಾಗದದ್ದು ಬೇರೆಯೇ. ಮನೆಯಲ್ಲಿ ಒರಲೆ ಹಿಡಿಯುವುದು ಮೊದಲು ಪಕ್ಕಾಸಿಗಲ್ಲ, ಕಾಗದದ ಟ್ರಂಕಿಗೆ. ಪ್ಯಾನೆಲ್ ವಕೀಲರಿಗೆ ಮೂವತ್ತು ವರ್ಷದ ಮೂಲಪತ್ರ, ಋಣಭಾರ ಪತ್ರ, ಪಹಣಿ, ಕನ್ವರ್ಷನ್ ಆದೇಶ, ಪ್ರಾಧಿಕಾರದ ಏಕ ನಿವೇಶನ ಅನುಮೋದನೆ, ಪಂಚಾಯತಿನ ನಮೂನೆ 9 ಮತ್ತು 11 ಎಲ್ಲವೂ ಬೇಕು. ಅಮೆರಿಕದವರಿಗೆ 9/11 ಅಂದರೆ ಒಂದು ದಿನ. ನಮ್ಮಲ್ಲಿ ಅದು ವರ್ಷಗಟ್ಟಲೆ ನಡೆಯುವ ಸಂಗತಿ.

ಟ್ರಂಕು ತೆರೆದರೆ ಇತಿಹಾಸದ ಪಾಠ. ಅಜ್ಜನ ದಸ್ತಾವೇಜಿನಲ್ಲಿ ಮನೆ ಇರುವುದು ಮದ್ರಾಸ್ ರಾಜ್ಯದಲ್ಲಿ. 1956ರ ನವೆಂಬರ್ 1ರ ನಂತರದ ಕಾಗದದಲ್ಲಿ ಮೈಸೂರು ರಾಜ್ಯದಲ್ಲಿ, 1973ರ ನಂತರ ಕರ್ನಾಟಕದಲ್ಲಿ. 1997ರ ತನಕ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಆಮೇಲೆ ಉಡುಪಿ ಜಿಲ್ಲೆಯಲ್ಲಿ. ಕಾಪು, ಹೆಬ್ರಿ ಕಡೆಯವರಾದರೆ ಈಚೆಗೆ ತಾಲೂಕೂ ಬೇರೆ. ಮನೆ ಕುಳಿತಲ್ಲಿಂದ ಅಲುಗಾಡದೆ ಇಷ್ಟು ಪ್ರವಾಸ ಮಾಡಿದೆ. ಮುಂಬಯಿಯ ಯಾವುದೋ ಸೆಂಟರಿನಲ್ಲಿ ಫೈಲು ನೋಡುವ ಹುಡುಗನಿಗೆ ಇದು ಹೇಗೆ ತಿಳಿಯಬೇಕು? 'ಆಸ್ತಿಯ ವಿಳಾಸದಲ್ಲಿ ವ್ಯತ್ಯಾಸವಿದೆ, ದಯವಿಟ್ಟು ಸ್ಪಷ್ಟಪಡಿಸಿ' ಎಂದು ಕ್ವೆರಿ ಹಾಕುತ್ತಾನೆ. ರಾಜ್ಯ ಪುನರ್ವಿಂಗಡಣೆಯ ಬಗ್ಗೆ ಮಾರುವವನು ಅಫಿಡವಿಟ್ ಮಾಡಿಸಬೇಕು.

ಮನೆಯ ಹೆಂಗಸರಿಗೆ ಇನ್ನೊಂದು ಅಫಿಡವಿಟ್. ಪಹಣಿಯಲ್ಲಿ ಶೆಡ್ತಿ, ಆಧಾರಿನಲ್ಲಿ ಶೆಟ್ಟಿ. ಪಕ್ಕದ ಮನೆಯಲ್ಲಿ ಪೂಜಾರ್ತಿ ಮತ್ತು ಪೂಜಾರಿ. ಪ್ಯಾನಿನಲ್ಲಿ ಗಂಡನ ಹೆಸರು ಹಿಂದೆ, ಪಾಸ್‌ಪೋರ್ಟಿನಲ್ಲಿ ಮುಂದೆ. 'ಈ ನಾಲ್ವರೂ ನಾನೊಬ್ಬಳೇ' ಎಂದು ಎಂಬತ್ತು ದಾಟಿದ ಅಜ್ಜಿ ನೋಟರಿಯ ಮುಂದೆ ಹೆಬ್ಬೆಟ್ಟು ಒತ್ತಿದರು. ಒಬ್ಬಳೇ ನಾಲ್ವರ ಕೆಲಸ ಮಾಡಿದ್ದಕ್ಕೆ ಅವರ ಆಯುಷ್ಯದಲ್ಲಿ ಸಿಕ್ಕ ಏಕೈಕ ಲಿಖಿತ ದಾಖಲೆ ಅದು.

ಸರ್ವೆಯವರು ಬಂದು ಅಳೆದಾಗ ಇನ್ನೊಂದು ಹೊರಬಿತ್ತು. ಚಾವಡಿ, ಅಡುಗೆಮನೆ ವರ್ಗ ಜಾಗದಲ್ಲಿ. ಬಾವಿ, ಹಟ್ಟಿ ಮತ್ತು ಹೊಸ ಬಚ್ಚಲಿನ ಮುಕ್ಕಾಲು ಪಾಲು ಕುಮ್ಕಿಯಲ್ಲಿ. ವರ್ಗ ಜಮೀನಿಗೆ ತಾಗಿದ ಸರಕಾರಿ ಜಾಗದಿಂದ ಸೊಪ್ಪು, ತರಗೆಲೆ, ಸೌದೆ ತರುವ ಹಳೆಯ ಸವಲತ್ತು ಕುಮ್ಕಿ. 1964ರ ಭೂಕಂದಾಯ ಕಾಯ್ದೆಯೂ ಆ ಸವಲತ್ತನ್ನು ಉಳಿಸಿಕೊಂಡಿದೆ. ತರಗೆಲೆ ತರಲು ಹೋದವರು ಅಲ್ಲೇ ಬಾವಿ ತೋಡಿದರು, ಬಾವಿಗೆ ಪಂಪು ಬಂತು, ಪಂಪಿಗೆ ಶೆಡ್ಡು ಬಂತು, ಶೆಡ್ಡಿಗೆ ಟೈಲ್ಸ್ ಬಂತು. ಅಜ್ಜಿಯ ಹೆಸರಿನಲ್ಲಿ ಬಂದ ಆ ಎರಡು ಹಿಡಿಕೆಗಳಲ್ಲಿ ಒಂದು ಪಟ್ಟಾ ಜಾಗದಲ್ಲಿದೆ, ಇನ್ನೊಂದು ಸರಕಾರದ ಜಾಗದಲ್ಲಿ.

ಇಷ್ಟೆಲ್ಲ ಆದ ಮೇಲೆ ಸಹಿ. ಅಳಿಯಸಂತಾನದ ಕುಟುಂಬವಾದರೆ ವಕೀಲರ ಮುಖ ಅರಳುತ್ತದೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಅಂದರೆ ತಾಯಿಯ ಕಡೆಯ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅದಕ್ಕೆ ಇನ್ನೊಂದು ಪದರ ಸೇರಿಸಿತು. ನಮ್ಮವರು ಎರಡನ್ನೂ ಗೌರವದಿಂದ ಬದಿಗಿಟ್ಟು ಬಾಯಿಮಾತಿನಲ್ಲೇ ಪಾಲು ಮಾಡಿಕೊಂಡರು: ಬೈಲಿನ ಗದ್ದೆ ದೊಡ್ಡಕ್ಕನಿಗೆ, ತೆಂಗಿನ ತೋಟ ಸಣ್ಣಕ್ಕನಿಗೆ, ಮನೆ ಕೊನೆಯವಳಿಗೆ. ಯಾರೂ ಬರೆದಿಡಲಿಲ್ಲ, ಎಲ್ಲರೂ ನಂಬಿದರು. ಈಗ ಬ್ಯಾಂಕು ಕೇಳುವುದು ಮೂರೂ ಕವರುಗಳ ಮೇಜರು ಆದ ಎಲ್ಲರ ಸಹಿ. ಪಟ್ಟಿ ಹಾಕಿದರೆ ಅಂಧೇರಿ, ದುಬೈ, ಪುಣೆ, ಡೊಂಬಿವಲಿ, ದಮ್ಮಾಮ್.

ಆಗ ನೋಡಬೇಕು ಕುಟುಂಬದ ಒಗ್ಗಟ್ಟು. ವಾಟ್ಸಾಪಿನಲ್ಲಿ ಗ್ರೂಪು ಎದ್ದಿತು. ಯಾವುದೋ ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಸಿಗಲಿಲ್ಲವೆಂದು ಮಾತು ಬಿಟ್ಟಿದ್ದ ತಂಗಿ "ಅಣ್ಣಾ, ಹುಷಾರಾ?" ಎಂದು ಫೋನು ಮಾಡಿದಳು. ಕೊಲ್ಲಿಯಲ್ಲಿದ್ದವರು ಭಾರತದ ದೂತಾವಾಸದ ಮುಂದೆ ಸಾಲು ನಿಂತು ಪವರ್ ಆಫ್ ಅಟಾರ್ನಿಗೆ ಮುದ್ರೆ ಹಾಕಿಸಿದರು. ಅಜ್ಜಿ ಆಸ್ಪತ್ರೆಯಲ್ಲಿದ್ದಾಗ ರಜೆ ಸಿಗದಿದ್ದವರಿಗೆ ಸಹಿಗೆ ರಜೆ ಸಿಕ್ಕಿತು. ಊರ ಹಿರಿಯರು, ದೈವದ ನುಡಿ, ಮಧ್ಯಸ್ಥಿಕೆಯ ಪಂಚಾಯ್ತಿಕೆ ಯಾವುದಕ್ಕೂ ಬಗ್ಗದ ವೈಮನಸ್ಸು ಬ್ಯಾಂಕಿನ ಚೆಕ್‌ಲಿಸ್ಟಿನ ಒಂದು ಸಾಲಿಗೆ ಕರಗಿತು.

ಉಳಿದದ್ದು ಹಿತ್ತಿಲಿನ ನಾಗ. ಜಾಗ ಮಾರಬಹುದು, ನಾಗನನ್ನು ಮಾರಲು ಬಾರದು. ಪಂಚಮಿಗೆ ತನು ಹಾಕಲು, ವರ್ಷಕ್ಕೊಮ್ಮೆ ತಂಬಿಲಕ್ಕೆ ಕುಟುಂಬದವರು ಬರುವ ದಾರಿಯನ್ನು ಕ್ರಯಪತ್ರದಲ್ಲಿ ಬರೆಯಬೇಕು ಎಂದು ಹಿರಿಯ ಮಾವ ಪಟ್ಟು ಹಿಡಿದರು. ವಕೀಲರು ಅದನ್ನು 'ಮೂರನೆಯ ವ್ಯಕ್ತಿಯ ದಾರಿಹಕ್ಕು' ಎಂದು ಬರೆದುಕೊಂಡರು. ಕುಟುಂಬದಲ್ಲಿ ಮೊದಲನೆಯವನಾಗಿದ್ದ ನಾಗ ಮೂರನೆಯ ವ್ಯಕ್ತಿಯಾದ.

ಕಾಪುವಿನ ಕಷ್ಟ ಬೇರೆ. ಅಲ್ಲಿ ಮಾರುವವನು ಒಂದೇ ಮನೆಯ ಬಗ್ಗೆ ಎರಡು ಮಾತು ಆಡಬೇಕಾಗುತ್ತದೆ. ಕೊಳ್ಳುವವನಿಗೆ "ಬಾಗಿಲು ತೆಗೆದರೆ ಕಡಲು, ರಾತ್ರಿ ದೀಪಸ್ತಂಭದ ಬೆಳಕು ನೇರ ಮಂಚಕ್ಕೆ" ಎಂದು ಹೇಳಬೇಕು. ಅರ್ಧ ಗಂಟೆ ಬಿಟ್ಟು ವ್ಯಾಲ್ಯುವರ್ ಬಂದಾಗ "ಕಡಲಾ? ಇಲ್ಲಿಂದ ಎಲ್ಲಿ ಸರ್, ಅದು ತುಂಬ ದೂರ" ಎನ್ನಬೇಕು. ಭರತದ ಗೆರೆಯಿಂದ 500 ಮೀಟರ್ ತನಕ ಕರಾವಳಿ ನಿಯಂತ್ರಣ ವಲಯ. ಅದರಲ್ಲಿ ಕಡಲಿಗೆ ಹತ್ತಿರದ ಪಟ್ಟಿಯಲ್ಲಿ ಹೊಸದಾಗಿ ಕಟ್ಟುವಂತೆಯೇ ಇಲ್ಲ. ಜನಸಾಂದ್ರತೆ ನೋಡಿ ಹಳ್ಳಿಗಳಲ್ಲಿ ಅದನ್ನು 50 ಅಥವಾ 200 ಮೀಟರ್ ಎಂದು 2019ರ ಅಧಿಸೂಚನೆ ವಿಂಗಡಿಸಿದೆ. ವ್ಯಾಲ್ಯುವರ್ ಕೇಳಿದರು, "ಸಮುದ್ರ ಸರಿಯಾಗಿ ಎಷ್ಟು ಮೀಟರ್?" ಮನೆಯ ಯಜಮಾನರು ಪ್ರಾಮಾಣಿಕರು: "ಜನವರಿಯ ಲೆಕ್ಕ ಬೇಕಾ, ಜುಲೈದ್ದು ಬೇಕಾ?" ಕಡಲ್ಕೊರೆತ ಕಂಡ ಊರಿನಲ್ಲಿ ಆ ಪ್ರಶ್ನೆಗೆ ಅರ್ಥ ಉಂಟು, ಫಾರ್ಮಿನಲ್ಲಿ ಒಂದೇ ಕಾಲಂ ಉಂಟು.

ಮಣಿಪಾಲದಲ್ಲಿ ಅಜ್ಜ, ನಾಗ, ಕುಮ್ಕಿ ಯಾವ ರಗಳೆಯೂ ಇಲ್ಲ. ಅಲ್ಲಿರುವುದು ಫ್ಲ್ಯಾಟು. ಮಕ್ಕಳನ್ನು ಡಾಕ್ಟರು, ಎಂಜಿನಿಯರು ಮಾಡಲು ಕಳಿಸುವ ದೂರದ ತಂದೆತಾಯಿಗಳ ಹಣದಿಂದ ಎದ್ದ ಕಾಂಕ್ರೀಟು. ಅಲ್ಲಿಯ ಅಲಂಕಾರವೆಂದರೆ ಬಾಡಿಗೆಗಿದ್ದ ನಾಲ್ಕು ಹುಡುಗರನ್ನು ಎರಡು ದಿನ ಹೊರಗೆ ಕಳಿಸಿ, ಗೋಡೆಯ ಮೇಲಿನ ಪೋಸ್ಟರು ಕಿತ್ತು, ಮ್ಯಾಗಿಯ ವಾಸನೆ ಹೋಗುವ ತನಕ ಊದುಬತ್ತಿ ಹಚ್ಚುವುದು. ಆದರೆ ಬ್ಯಾಂಕು ಮೂಗಿನಿಂದ ನೋಡುವುದಿಲ್ಲ, 'ಓಸಿ ಎಲ್ಲಿ?' ಎನ್ನುತ್ತದೆ. ವಾಸಯೋಗ್ಯ ಪತ್ರ. ಇಷ್ಟು ವರ್ಷ ವಾಸ ಮಾಡಿಯಾಯಿತು, ಮದುವೆಯಾಯಿತು, ಮಕ್ಕಳಾದವು, ಈಗ ವಾಸಕ್ಕೆ ಯೋಗ್ಯವೇ ಎಂದು ಕೇಳುತ್ತಾರೆ. ಬಿಲ್ಡರಿನ ಫೋನು ಸ್ವಿಚ್ ಆಫ್. ಪ್ಲಾನಿನಲ್ಲಿ ಪಾರ್ಕಿಂಗ್ ಇದ್ದ ಕಡೆ ಈಗ ಜ್ಯೂಸು ಅಂಗಡಿ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಪೂರ್ಣತಾ ಪತ್ರ ಅಥವಾ ವಾಸಯೋಗ್ಯ ಪತ್ರ ನೋಡದೆ ಬ್ಯಾಂಕುಗಳು ಕಟ್ಟಡದ ಮೇಲೆ ಸಾಲ ಕೊಡಬಾರದೆಂದು ನಿರ್ದೇಶಿಸಿದ ಮೇಲಂತೂ ಎಷ್ಟೋ ಫ್ಲ್ಯಾಟುಗಳ ಮಾಲೀಕರಿಗೆ ತಾವು ಮನೆಯಲ್ಲಿ ಅಲ್ಲ, ಡೀವಿಯೇಶನ್ನಿನಲ್ಲಿ ಇದ್ದೇವೆಂದು ಗೊತ್ತಾಯಿತು.

ಉಡುಪಿ ಪೇಟೆಯೊಳಗಿನ ಹಳೆಯ ಕೆಲವು ಮನೆಗಳಲ್ಲಿ ಮೂಲಗೇಣಿ. ಮನೆ ನಿಮ್ಮದು, ಅಡಿಯ ನೆಲ ಇನ್ನೊಬ್ಬರದು. ಯಾವ ಕಾಲದಲ್ಲೋ ನಿಗದಿಯಾದ ಗೇಣಿ, ಈಗ ಅದಕ್ಕೊಂದು ಚಾ ಬರುವುದಿಲ್ಲ. ಆದರೆ ಆ ಮೊತ್ತ ಪಡೆಯುವವರ ಒಪ್ಪಿಗೆ ಪತ್ರವಿಲ್ಲದೆ ಲಕ್ಷಗಟ್ಟಲೆಯ ಸಾಲದ ಫೈಲು ಮೇಜಿನಿಂದ ಮೇಲೇಳುವುದಿಲ್ಲ. ಮೂಲಗೇಣಿದಾರರಿಗೆ ಒಡೆತನ ಕೊಡಲು 2011ರ ಕಾಯ್ದೆ ಬಂತು, ಕಾಯ್ದೆಯ ಹಿಂದೆಯೇ ವ್ಯಾಜ್ಯ ಬಂತು. ಬೆಂಗಳೂರಿನಿಂದ ಬಂದ ಕೊಳ್ಳುಗ ಇದನ್ನೆಲ್ಲ ಕೇಳಿ "ಹಾಗಾದರೆ ನಾನು ಕೊಂಡುಕೊಳ್ಳುವುದು ಏನನ್ನು?" ಎಂದರೆ ಬ್ರೋಕರಣ್ಣನ ಬಳಿ ಉತ್ತರ ತಯಾರುಂಟು: "ಸರ್, ರಥಬೀದಿ ವಾಕಿಂಗ್ ಡಿಸ್ಟೆನ್ಸ್."

ಎಲ್ಲ ಮುಗಿದು ಬೆಲೆಯ ಮಾತು. ನಮ್ಮಲ್ಲಿ ಒಂದು ಮನೆಗೆ ಬೆಲೆ ಒಂದಲ್ಲ, ನಾಲ್ಕು. ಓಣಿಯಲ್ಲಿ ಹೇಳುವ ಬೆಲೆ ಎಲ್ಲಕ್ಕಿಂತ ಎತ್ತರ. ಸಬ್‌ರಿಜಿಸ್ಟ್ರಾರರ ಕಚೇರಿಯಲ್ಲಿ ಹೇಳುವ ಬೆಲೆ ಮಾರ್ಗಸೂಚಿ ದರಕ್ಕೆ ತಲೆ ತಾಗುವಷ್ಟು ಮಾತ್ರ. ಬ್ಯಾಂಕಿನ ವರದಿಯ ಬೆಲೆ ನಡುವೆ ಎಲ್ಲೋ. ನಾಲ್ಕನೆಯದು ಅದೇ ವರದಿಯ ಕೊನೆಯ ಪುಟದಲ್ಲಿ, ಸಾಲ ಕಟ್ಟದಿದ್ದರೆ ಹರಾಜಿನಲ್ಲಿ ಎಷ್ಟು ಬರಬಹುದು ಎಂಬ ಅಂದಾಜು. ಗೃಹಪ್ರವೇಶದ ಆಮಂತ್ರಣ ಅಚ್ಚಾಗುವ ಮೊದಲೇ ಹರಾಜಿನ ಬೆಲೆ ಗೊತ್ತುಮಾಡಿಕೊಳ್ಳುವಷ್ಟು ದೂರದೃಷ್ಟಿ ಬ್ಯಾಂಕಿನದು.

ಸಾಲ ತೆಗೆಯುವವನು ಬಂದರೆ ಈ ನಾಲ್ಕು ಬೆಲೆಗಳ ಸಂಸಾರ ಒಡೆಯುತ್ತದೆ. ಅವನಿಗೆ ಸಾಲ ಹೆಚ್ಚು ಬೇಕು, ಹಾಗಾಗಿ ಕ್ರಯಪತ್ರದಲ್ಲಿ ಪೂರ್ತಿ ಬೆಲೆ ಬರೆಯಿರಿ ಎನ್ನುತ್ತಾನೆ. ಪೂರ್ತಿ ಬರೆದರೆ ಮುದ್ರಾಂಕ ಶುಲ್ಕ ಶೇ. 5, 2025ರ ಆಗಸ್ಟ್ 31ರಿಂದ ಇಮ್ಮಡಿಯಾಗಿ ಶೇ. 2 ಆದ ನೋಂದಣಿ ಶುಲ್ಕ, 50 ಲಕ್ಷ ಮುಟ್ಟಿದರೆ ಶೇ. 1 ಟಿಡಿಎಸ್, ಮಾರುವವನ ಲಾಭದ ಮೇಲೆ ತೆರಿಗೆ. ಮಾರುವವನ ಮುಖ ಸಣ್ಣದಾಗುತ್ತದೆ. "ಸ್ವಲ್ಪ ಕ್ಯಾಶು ಮಾಡಿದರೆ ನಿಮಗೂ ಒಳ್ಳೆಯದು, ನಮಗೂ ಒಳ್ಳೆಯದು" ಎಂಬ ಪ್ರಾಚೀನ ಮಂತ್ರ ಗಂಟಲಲ್ಲೇ ಉಳಿಯುತ್ತದೆ. ನೈತಿಕತೆ, ಧರ್ಮಬೋಧೆ, ಆದಾಯ ತೆರಿಗೆ ಇಲಾಖೆ ಮೂರೂ ಸೋತ ಕಡೆ ಇಎಂಐ ಗೆದ್ದು ನಮ್ಮವರ ಬಾಯಿಂದ ನಿಜ ಬೆಲೆ ಹೊರಡಿಸುತ್ತದೆ.

ಬ್ಯಾಂಕನ್ನು ಬೈಯುವ ಅಧಿಕಾರ ನಮಗೆ ಹೆಚ್ಚಿಲ್ಲ. ಬ್ಯಾಂಕನ್ನು ಹುಟ್ಟಿಸಿದವರೇ ನಾವು. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಕಾರ್ಪೊರೇಶನ್ ಬ್ಯಾಂಕಿಗೆ ಬುನಾದಿ ಹಾಕಿದ್ದು ಉಡುಪಿಯಲ್ಲಿ. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವರು ಸೇರಿ 8000 ರೂಪಾಯಿ ಬಂಡವಾಳದಲ್ಲಿ ಸಿಂಡಿಕೇಟ್ ಬ್ಯಾಂಕು ಕಟ್ಟಿದ್ದೂ ಇಲ್ಲೇ. 1928ರಿಂದ ಪಿಗ್ಮಿ ಏಜೆಂಟರು ದಿನಕ್ಕೆ ಎರಡಾಣೆ ಎತ್ತಲು ಇದೇ ಮನೆಗಳ ಅಂಗಳಕ್ಕೆ ಬರುತ್ತಿದ್ದರು. ಆಗ ಬ್ಯಾಂಕಿನವರು ಮನೆಯವರ ಮುಖ ನೋಡುತ್ತಿದ್ದರು, ಗೋಡೆಯನ್ನಲ್ಲ ಎಂದು ಹಳಹಳಿಸುವುದು ಸುಲಭ. ಆದರೆ ಅವರು ಬಂದದ್ದು ಹಣ ತೆಗೆದುಕೊಳ್ಳಲು. ತೆಗೆದುಕೊಳ್ಳುವವರು ಯಾವ ಕಾಲದಲ್ಲೂ ಓಸಿ ಕೇಳುವುದಿಲ್ಲ. 2020ರ ಏಪ್ರಿಲ್ 1ರಂದು ಆ ಎರಡೂ ಬ್ಯಾಂಕುಗಳು ಬೇರೆ ಬ್ಯಾಂಕುಗಳೊಳಗೆ ಸೇರಿಹೋದವು. ಊರಿನವರ ಎರಡಾಣೆಯನ್ನು ಇನ್ನೊಬ್ಬರಿಗೆ ಸಾಲ ಕೊಡುವಾಗ ಮಾಡು ಸೋರುತ್ತದೆಯೇ ಎಂದು ನೋಡುವುದು ಬ್ಯಾಂಕಿನ ತಪ್ಪೇನೂ ಅಲ್ಲ. ಅಲ್ಲಿಯ ತನಕ ಮನೆಯವರೇ ನೋಡದಿದ್ದದ್ದು ಯಾರ ತಪ್ಪು ಎಂಬುದಷ್ಟೇ ಪ್ರಶ್ನೆ.

ಲೆಕ್ಕ ಹಾಕಿ ನೋಡಿ. ಅಜ್ಜಿ ಕೇಳಿದ ಹಿಡಿಕೆ ಮತ್ತು ಫ್ಯಾನು, ತಂಗಿ ಕಾದ ಫೋನು, ಅಕ್ಕನಿಗೆ ಬರೆದುಕೊಡಬೇಕಿದ್ದ ಪಾಲುಪಟ್ಟಿ, ಸರಕಾರಕ್ಕೆ ಹೇಳಬೇಕಿದ್ದ ಬೆಲೆ, ಎಲ್ಲವೂ ಒಂದು ಗೃಹಸಾಲದ ಅರ್ಜಿಗೆ ನೆಟ್ಟಗಾದವು. ಇರುವವರಿಗಾಗಿ ಆಗದ ಕೆಲಸ ಬರುವವನ ಬ್ಯಾಂಕಿಗಾಗಿ ಆಯಿತು. ಹಾಗಾದರೆ ನಮ್ಮ ಜಿಲ್ಲೆಯ ಮನೆಗಳಿಗೂ ಮನೆತನಗಳಿಗೂ ಬೇಕಾದದ್ದು ಮಾರಾಟದ ಭಯವೊಂದೇ ಎಂದಾಯಿತು.

ಆದ್ದರಿಂದ ಒಂದು ಸೂಚನೆ. ಪ್ರತಿ ಕುಟುಂಬ ಐದು ವರ್ಷಕ್ಕೊಮ್ಮೆ, ಪತ್ತನಾಜೆ ಕಳೆದು ಮಳೆ ಹಿಡಿಯುವ ಮೊದಲು, ಮನೆ ಮಾರುವುದೆಂದು ಗಂಭೀರವಾಗಿ ಘೋಷಿಸಬೇಕು. ಬ್ರೋಕರಣ್ಣನಿಗೆ ಹೇಳಬೇಕು, ವ್ಯಾಲ್ಯುವರಿಗೆ ಫೀಸು ಕಟ್ಟಬೇಕು, ವಕೀಲರಿಗೆ ಟ್ರಂಕು ಒಪ್ಪಿಸಬೇಕು, ಮುಂಬಯಿ ದುಬೈಗಳಿಗೆ ಸಹಿಯ ಪಟ್ಟಿ ಕಳಿಸಬೇಕು. ಹಂಚು ಸರಿಯಾಗಿ, ಪಹಣಿ ತಿದ್ದುಪಡಿಯಾಗಿ, ಅಣ್ಣ ತಂಗಿ ಮಾತಾಡಿ, ವರದಿ ಕೈಗೆ ಬಂದ ದಿನ ಎಲ್ಲರೂ ಸೇರಿ "ಬೆಲೆ ಸಾಲದು" ಎಂದು ಮಾರಾಟ ಕೈಬಿಡಬೇಕು. ಖರ್ಚು ಹೆಚ್ಚಾಯಿತು ಎನ್ನುವವರಿಗೆ ಒಂದೇ ಮಾತು: ಬೇರೆಯವನಿಗೆ ಬಿಟ್ಟುಕೊಡಲು ಮಾಡುವ ಖರ್ಚೂ ಅಷ್ಟೇ ಆಗುತ್ತದೆ, ಅದರಲ್ಲಿ ಅಜ್ಜಿಗೆ ಜಾಗವಿರುವುದಿಲ್ಲ. ಈ ನಾಟಕಕ್ಕೆ ಬ್ರೋಕರಣ್ಣ ಒಪ್ಪುತ್ತಾರೆಯೇ ಎಂಬ ಚಿಂತೆಯೂ ಬೇಡ. ಕೇಳಿಯಾಗಿದೆ. ಮಾರಾಟ ಆಗದಿದ್ದರೂ ಅವರ ಎರಡು ಪರ್ಸೆಂಟ್ ಕೊಡಬೇಕಂತೆ, ಅದೂ ಓಣಿಯಲ್ಲಿ ಹೇಳಿದ ಬೆಲೆಯ ಮೇಲೆ.